ಸ್ಪೀಕಿಂಗ್ ಪರೀಕ್ಷೆಯಲ್ಲಿ ಸೈಕಲ್ ಬಗ್ಗೆ ಕೇಳಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಬಗ್ಗೆ ಮಾತಾಡೋದು ಏನ್ ಮಹಾ ಅಂತ ಅನಿಸುತ್ತದೆ. ಪರೀಕ್ಷಕರ ಎದುರು ಕೂತು ರೆಕಾರ್ಡರ್ ಶುರುವಾದ ಮೇಲೆ ಗೊತ್ತಾಗುತ್ತದೆ. ಕನ್ನಡದಲ್ಲಿ ನಾವು ಸೈಕಲ್ ಹೊಡೆಯುತ್ತೇವೆ, ತುಳಿಯುತ್ತೇವೆ, ಓಡಿಸುತ್ತೇವೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಲು ಹೋದರೆ ಮೂರು ಸಲವೂ ಎಡವುತ್ತೇವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಭಾಗಕ್ಕೆ ತಯಾರಾಗುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ವಾಕ್ಯಗಳನ್ನು ಬೇಕೆಂದೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಇದು ಬಾಯಿಯ ಪರೀಕ್ಷೆ, ಸ್ಪೆಲಿಂಗ್ ಯಾರೂ ನೋಡುವುದಿಲ್ಲ. ಓದುವಾಗ ಗಟ್ಟಿಯಾಗಿ ಹೇಳಿಕೊಳ್ಳಿ.

ಸೈಕಲ್ ಪ್ರಶ್ನೆ ಯಾವ ಭಾಗದಲ್ಲಿ ಬರುತ್ತದೆ?

ಮೂರು ಭಾಗಗಳಲ್ಲಿ ಯಾವುದರಲ್ಲೂ ಬರಬಹುದು. ಇಡೀ ಪರೀಕ್ಷೆ 11ರಿಂದ 14 ನಿಮಿಷ. ಪಾರ್ಟ್ ಒನ್ 4-5 ನಿಮಿಷ. ಅಲ್ಲಿ ನಿಮ್ಮ ಬಗ್ಗೆಯೇ ಸಣ್ಣ ಪ್ರಶ್ನೆಗಳು: ಚಿಕ್ಕಂದಿನಲ್ಲಿ ಸೈಕಲ್ ಇತ್ತಾ, ಈಗಲೂ ಓಡಿಸುತ್ತೀರಾ, ನಡೆಯೋದು ಇಷ್ಟವಾ ಸೈಕಲ್ ಇಷ್ಟವಾ. ಪಾರ್ಟ್ ಟೂನಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಅದನ್ನೇ ಕ್ಯೂ ಕಾರ್ಡ್ ಎನ್ನುವುದು. ಯೋಚಿಸಲು 1 ನಿಮಿಷ, ಆಮೇಲೆ 1ರಿಂದ 2 ನಿಮಿಷ ನೀವೊಬ್ಬರೇ ಮಾತಾಡಬೇಕು. ಪಾರ್ಟ್ ತ್ರೀ ಮತ್ತೆ 4-5 ನಿಮಿಷ. ಅಲ್ಲಿ ನಿಮ್ಮ ಸೈಕಲ್ ಬಿಟ್ಟು ಊರಿನ ಸೈಕಲ್‌ಗಳ ಮಾತು ಶುರುವಾಗುತ್ತದೆ: ಟ್ರಾಫಿಕ್, ಸರ್ಕಾರ, ಹೊಗೆ, ಮುಂದಿನ ದಿನಗಳು.

ಅಂಕ ಕೊಡುವುದು ನಾಲ್ಕು ವಿಷಯಕ್ಕೆ, ನಾಲ್ಕಕ್ಕೂ ಸಮಪಾಲು. ತಡವರಿಸದೆ, ಒಂದಕ್ಕೊಂದು ಹೊಂದುವಂತೆ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ಸೈಕಲ್ ಬಗ್ಗೆ ನಿಮಗೆಷ್ಟು ಗೊತ್ತು ಅನ್ನುವುದಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ ನೋಡಿ.

‘ಬೈಕ್’ ಅಂದರೆ ಸೈಕಲ್ಲಾ, ಮೋಟರ್‌ಸೈಕಲ್ಲಾ?

ನಾನು ಬಿದ್ದ ಗುಂಡಿ ಇದು. ಒಂದು ಮಾಕ್ ಟೆಸ್ಟ್‌ನಲ್ಲಿ ‘ಡಿಡ್ ಯು ಹ್ಯಾವ್ ಎ ಬೈಕ್ ವೆನ್ ಯು ವರ್ ಎ ಚೈಲ್ಡ್’ ಎಂದು ಕೇಳಿದರು. ನಮ್ಮ ಬಾಯಲ್ಲಿ ಬೈಕ್ ಅಂದರೆ ಪೆಟ್ರೋಲ್ ಹಾಕುವ ಗಾಡಿ. ನಾನು ಗಂಭೀರವಾಗಿ, ಮಕ್ಕಳಿಗೆ ಲೈಸೆನ್ಸ್ ಕೊಡುವುದಿಲ್ಲ, ಕಾನೂನು ಪ್ರಕಾರ ತಪ್ಪು ಅಂತ ಶುರು ಮಾಡಿದೆ. ಕೇಳಿದವರು ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

ಪರೀಕ್ಷೆಯ ಇಂಗ್ಲಿಷಿನಲ್ಲಿ, ಅದರಲ್ಲೂ ಚಿಕ್ಕಂದಿನ ಮಾತು ಬಂದಾಗ, ಬೈಕ್ ಅಂದರೆ ಸಾಮಾನ್ಯವಾಗಿ ಸೈಕಲ್. ಪೆಟ್ರೋಲ್ ಗಾಡಿಗೆ ‘ಮೋಟರ್‌ಬೈಕ್’ ಅಥವಾ ‘ಮೋಟರ್‌ಸೈಕಲ್’ ಅನ್ನಿ. ಅನುಮಾನ ಬಂದರೆ ‘ಡೂ ಯು ಮೀನ್ ಎ ಬೈಸಿಕಲ್?’ ಎಂದು ಕೇಳಿ. ಹಾಗೆ ಕೇಳಿದ್ದಕ್ಕೆ ಅಂಕ ಹೋಗುವುದಿಲ್ಲ. ಇನ್ನೊಂದು ದಾರಿಯೂ ಇದೆ. ನಿಮ್ಮ ಮೊದಲ ವಾಕ್ಯದಲ್ಲೇ ‘ಬೈಸಿಕಲ್’ ಎಂದು ಒಂದು ಸಲ ಹೇಳಿಬಿಡಿ, ಆಮೇಲೆ ‘ಬೈಕ್’ ಎನ್ನುತ್ತಾ ಹೋಗಿ. ‘ಸೈಕಲ್’ ಅಂದರೂ ತಪ್ಪೇನಿಲ್ಲ.

ಪಾರ್ಟ್ ಒನ್‌ನಲ್ಲಿ ಎಷ್ಟು ಉದ್ದ ಉತ್ತರ ಕೊಡಬೇಕು?

ಎರಡರಿಂದ ನಾಲ್ಕು ವಾಕ್ಯ. ಬರೀ ‘ಯೆಸ್, ಐ ಡಿಡ್’ ಅಂತ ಸುಮ್ಮನಾದರೆ ಪರೀಕ್ಷಕರಿಗೆ ಅಳೆಯಲು ಏನೂ ಸಿಗುವುದಿಲ್ಲ. ಒಂದು ನಿಮಿಷ ಭಾಷಣ ಬಿಗಿದರೆ ನಡುವೆ ತಡೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ನೇರ ಉತ್ತರ ಮೊದಲು, ಅದರ ಹಿಂದೆಯೇ ಒಂದು ಸಣ್ಣ ವಿವರ. ಆ ವಿವರ ನಿಮ್ಮದೇ ಆಗಿರಬೇಕು. ಉದಾಹರಣೆಗೆ: ‘ಯೆಸ್, ಐ ಹ್ಯಾಡ್ ಎ ರೆಡ್ ಒನ್. ಇಟ್ ಯೂಸ್ಡ್ ಟು ಬಿ ಮೈ ಸಿಸ್ಟರ್ಸ್, ಸೋ ದ ಬೆಲ್ ವಾಸ್ ಬ್ರೋಕನ್ ಅಂಡ್ ಐ ಹ್ಯಾಡ್ ಟು ಶೌಟ್ ಅಟ್ ಪೀಪಲ್ ಟು ಮೂವ್.’ ಅಕ್ಕನ ಹಳೇ ಸೈಕಲ್, ಬಾರಿಸದ ಬೆಲ್ಲು, ಬಾಯಿಂದಲೇ ‘ಸೈಡ್ ಸೈಡ್’ ಅಂತ ಕೂಗಿದ್ದು. ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಆದರೂ ಹೇಳಿದವರು ಯಂತ್ರವಲ್ಲ, ಮನುಷ್ಯರು ಅಂತ ಗೊತ್ತಾಗುತ್ತದೆ. ‘ಸೈಕ್ಲಿಂಗ್ ಈಸ್ ಗುಡ್ ಫಾರ್ ಹೆಲ್ತ್ ಅಂಡ್ ಎನ್ವಿರಾನ್ಮೆಂಟ್’ ಅನ್ನುವುದನ್ನು ನಿಮ್ಮ ಮುಂದಿದ್ದವರೂ ಹೇಳಿರುತ್ತಾರೆ, ಹಿಂದೆ ಬರುವವರೂ ಹೇಳುತ್ತಾರೆ.

ನನಗೆ ಸೈಕಲ್ ಬರುವುದೇ ಇಲ್ಲ. ಏನು ಹೇಳಲಿ?

ಬರಲ್ಲ ಅಂತಲೇ ಹೇಳಿ. ನಾಚಿಕೆಪಡುವ ವಿಷಯವೇ ಅಲ್ಲ. ಬರಲ್ಲ ಅನ್ನುವವರ ಬಳಿ ಬರುತ್ತೆ ಅನ್ನುವವರಿಗಿಂತ ಒಳ್ಳೆ ಕಥೆ ಇರುತ್ತದೆ ಅನ್ನುವುದು ನನ್ನ ಅನುಭವ. ಯಾಕೆ ಕಲಿಯಲಿಲ್ಲ? ಬಿದ್ದು ಹೆದರಿದಿರಾ? ಮನೆಯಲ್ಲಿ ಬಿಡಲಿಲ್ಲವಾ? ಮನೆ ಮುಂದೆ ಏರು ರಸ್ತೆ ಇತ್ತಾ? ಕಲಿಸುವವರು ಇರಲಿಲ್ಲವಾ? ಯಾವುದಾದರೂ ಒಂದು ಕಾರಣ ಇದ್ದೇ ಇರುತ್ತದೆ. ‘ಟು ಬಿ ಆನೆಸ್ಟ್, ಐ ನೆವರ್ ಲರ್ನ್ಡ್ ಟು ರೈಡ್. ಮೈ ಬ್ರದರ್ ಫೆಲ್ ಆಫ್ ಅಂಡ್ ಬ್ರೋಕ್ ಹಿಸ್ ಆರ್ಮ್, ಅಂಡ್ ಆಫ್ಟರ್ ದಟ್ ಮೈ ಮದರ್ ವುಡಂಟ್ ಲೆಟ್ ಮಿ ಟ್ರೈ.’ ಎರಡೇ ವಾಕ್ಯ. ಅದರಲ್ಲಿ ಕಾರಣವಿದೆ, ಹಿಂದಿನ ಕಾಲವಿದೆ, ‘ವುಡಂಟ್ ಲೆಟ್ ಮಿ’ ಅನ್ನುವ ಚೆಂದದ ರಚನೆಯೂ ಇದೆ.

ಬೇಕಿದ್ದರೆ ಒಂದು ಬಾಲ ಸೇರಿಸಿ: ‘ಇಫ್ ಐ ಹ್ಯಾಡ್ ಲರ್ನ್ಡ್ ದೆನ್, ಐ ವುಡ್ ಪ್ರಾಬಬ್ಲಿ ಸೈಕಲ್ ಟು ವರ್ಕ್ ನೌ.’ ಆಗ ಕಲಿತಿದ್ದರೆ ಈಗ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ ಅನ್ನುವ ಈ ತರದ ವಾಕ್ಯವನ್ನು ಸರಿಯಾಗಿ ಹೇಳಿದರೆ ವ್ಯಾಕರಣದ ಅಂಕಕ್ಕೆ ಒಳ್ಳೆಯದು.

ಹಾಗಾದರೆ ಸುಳ್ಳು ಹೇಳಬಹುದಾ?

ಹೇಳಬಹುದು. ನಿಮ್ಮ ಉತ್ತರ ನಿಜವೋ ಅಲ್ಲವೋ ಎಂದು ಯಾರೂ ಪರೀಕ್ಷಿಸುವುದಿಲ್ಲ. ಆದರೆ ಸುಳ್ಳು ಕಟ್ಟುವುದಕ್ಕೂ ತಲೆ ಬೇಕು, ಇಂಗ್ಲಿಷಿಗೂ ತಲೆ ಬೇಕು. ಎರಡನ್ನೂ ಒಟ್ಟಿಗೆ ನಡೆಸಲು ಹೋದಾಗ ಬಾಯಿ ತಡವರಿಸುತ್ತದೆ. ನಿಜವಾದ ಕಥೆಗೆ ಚೂರು ಬಣ್ಣ ಹಚ್ಚಿದರೆ ಸಾಕು. ನೀವು ಬಿದ್ದಿದ್ದು ಮಣ್ಣಿನಲ್ಲಿ, ಹೇಳುವಾಗ ಚರಂಡಿಗೆ ಬಿದ್ದೆ ಅಂದರೆ ಯಾರಪ್ಪನ ಗಂಟು ಹೋಗುತ್ತದೆ?

ಕನ್ನಡದಲ್ಲಿ ಯೋಚಿಸಿ ಹೇಳಿದಾಗ ಎಲ್ಲಿ ತಪ್ಪಾಗುತ್ತದೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮವರ ಅಂಕ ಸೋರುವ ತೂತು ಇದೇ.

ಮೊದಲನೆಯದು ‘ಓಡಿಸು’. ಕಾರೂ ಓಡಿಸುತ್ತೇವೆ, ಸೈಕಲ್ಲೂ ಓಡಿಸುತ್ತೇವೆ. ಹಾಗಾಗಿ ಬಾಯಿಗೆ ‘ಐ ಡ್ರೋವ್ ಮೈ ಸೈಕಲ್’ ಬಂದುಬಿಡುತ್ತದೆ. ಒಳಗೆ ಕೂತು ನಡೆಸುವ ಗಾಡಿಗೆ ‘ಡ್ರೈವ್’, ಕಾಲು ಆಚೆಗೊಂದು ಈಚೆಗೊಂದು ಹಾಕಿ ಕೂರುವುದಕ್ಕೆ ‘ರೈಡ್’. ಕುದುರೆಗೂ ಅದೇ. ರೈಡ್, ರೋಡ್, ರಿಡನ್: ಮೂರು ರೂಪವನ್ನೂ ಬಾಯಿಗೆ ರೂಢಿ ಮಾಡಿಕೊಳ್ಳಿ. ‘ತುಳಿ’ ಅನ್ನುವುದಕ್ಕೆ ‘ಪೆಡಲ್’ ಇದೆ, ಆದರೆ ಅದನ್ನು ಶ್ರಮ ತೋರಿಸುವಾಗ ಬಳಸಿ: ‘ಐ ಹ್ಯಾಡ್ ಟು ಪೆಡಲ್ ಹಾರ್ಡ್ ಟು ಗೆಟ್ ಅಪ್ ದ ಹಿಲ್.’ ‘ಹೊಡಿ’ಯನ್ನು ಮಾತ್ರ ದಯವಿಟ್ಟು ಇಂಗ್ಲಿಷಿಗೆ ತರಬೇಡಿ.

ಎರಡನೆಯದು ‘ಬರುತ್ತೆ’. ನನಗೆ ಸೈಕಲ್ ಬರುತ್ತೆ ಅನ್ನುವುದು ‘ಐ ನೋ ಸೈಕಲ್’ ಆಗಿಬಿಡುತ್ತದೆ. ಸೈಕಲ್ ಏನು ನಿಮ್ಮ ಪರಿಚಯದವರೇ? ‘ಐ ಕ್ಯಾನ್ ರೈಡ್ ಎ ಬೈಕ್’ ಅಥವಾ ‘ಐ ನೋ ಹೌ ಟು ರೈಡ್’. ಅದೇ ರೀತಿ ‘ಐ ಲರ್ನ್ಡ್ ಸೈಕಲ್’ ಅಲ್ಲ, ‘ಐ ಲರ್ನ್ಡ್ ಟು ರೈಡ್ ಎ ಬೈಕ್’.

ಆಮೇಲೆ ನಮ್ಮ ‘ಏ’. ಅಪ್ಪನೇ ಕಲಿಸಿದ್ದು ಅನ್ನಲು ‘ಮೈ ಫಾದರ್ ಓನ್ಲಿ ಟಾಟ್ ಮಿ’ ಎನ್ನುತ್ತೇವೆ. ಕೇಳುವವರಿಗೆ ಅಪ್ಪ ಕಲಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲವೇನೋ ಅನಿಸುತ್ತದೆ. ಒತ್ತು ಬೇಕಿದ್ದರೆ ‘ಇಟ್ ವಾಸ್ ಮೈ ಫಾದರ್ ಹೂ ಟಾಟ್ ಮಿ’ ಅನ್ನಿ. ‘ಸ್ಲೋಲಿ ಸ್ಲೋಲಿ ಐ ಲರ್ನ್ಡ್’ ಕೂಡ ಇದೇ ಜಾತಿ. ನಿಧಾನ ನಿಧಾನವಾಗಿ ಅನ್ನುವುದಕ್ಕೆ ‘ಲಿಟಲ್ ಬೈ ಲಿಟಲ್’ ಇದೆ.

ಸೈಕಲ್ ಕೆಟ್ಟಾಗಿನ ಮಾತುಗಳು ಇನ್ನೂ ಮಜಾ. ಚೈನ್ ಬಿತ್ತು ಅನ್ನುತ್ತೇವೆ. ‘ದ ಚೈನ್ ಫೆಲ್’ ಅಂದರೆ ಚೈನ್ ನೆಲಕ್ಕೆ ಬಿದ್ದ ಚಿತ್ರ ಬರುತ್ತದೆ. ‘ದ ಚೈನ್ ಕೇಮ್ ಆಫ್’ ಸರಿ. ಪಂಕ್ಚರ್ ಆಯ್ತು ಅನ್ನುವುದಕ್ಕೆ ‘ಐ ಗಾಟ್ ಎ ಪಂಕ್ಚರ್’ ಅಥವಾ ‘ಐ ಗಾಟ್ ಎ ಫ್ಲಾಟ್ ಟೈರ್’. ಗಾಳಿ ಹೊಡೆಯುವುದು ‘ಪಂಪ್ ಅಪ್ ದ ಟೈರ್ಸ್’. ಬ್ರೇಕ್ ಹಿಡಿಯಲಿಲ್ಲ ಅಂದರೆ ‘ದ ಬ್ರೇಕ್ಸ್ ಡಿಡಂಟ್ ವರ್ಕ್’. ಹತ್ತುವುದು ‘ಗೆಟ್ ಆನ್’, ಇಳಿಯುವುದು ‘ಗೆಟ್ ಆಫ್’. ‘ಕ್ಲೈಂಬ್’ ಅಂದರೆ ಮರ ಹತ್ತಿದ ಹಾಗೆ. ತಳ್ಳಿಕೊಂಡು ಮನೆಗೆ ಬಂದೆ ಅನ್ನಲು ‘ಐ ಪುಶ್ಡ್ ಇಟ್ ಆಲ್ ದ ವೇ ಹೋಮ್’. ಮೊಣಕಾಲು ತರಚಿತು ಅನ್ನಲು ‘ಐ ಸ್ಕ್ರೇಪ್ಡ್ ಮೈ ನೀ’. ‘ಹರ್ಟೆಡ್’ ಅನ್ನುವ ಪದವೇ ಇಲ್ಲ, ‘ಹರ್ಟ್’ ಹಿಂದಿನ ಕಾಲದಲ್ಲೂ ‘ಹರ್ಟ್’.

ಇನ್ನೆರಡು ಚಿಕ್ಕವು. ‘ಐ ಆಮ್ ಹ್ಯಾವಿಂಗ್ ದಿಸ್ ಸೈಕಲ್ ಸಿನ್ಸ್ ಫೈವ್ ಇಯರ್ಸ್’ ಬೇಡ, ‘ಐವ್ ಹ್ಯಾಡ್ ಇಟ್ ಫಾರ್ ಫೈವ್ ಇಯರ್ಸ್’ ಸಾಕು. ‘ಬೈ ಬೈಕ್’ ಸರಿ, ‘ಆನ್ ಮೈ ಬೈಕ್’ ಸರಿ, ‘ಇನ್ ಬೈಕ್’ ತಪ್ಪು. ನಡೆದುಕೊಂಡು ಹೋದರೆ ‘ಆನ್ ಫುಟ್’, ‘ಬೈ ವಾಕ್’ ಅಲ್ಲ.

ಸೈಕಲ್‌ನ ಎಲ್ಲ ಭಾಗಗಳ ಹೆಸರು ಕಲಿಯಬೇಕಾ?

ಬೇಡ. ಹ್ಯಾಂಡಲ್‌ಗೆ ಇಂಗ್ಲಿಷಿನಲ್ಲಿ ‘ಹ್ಯಾಂಡಲ್‌ಬಾರ್ಸ್’ ಎನ್ನುತ್ತಾರೆ. ಸೀಟನ್ನು ‘ಸ್ಯಾಡಲ್’ ಅಂತಲೂ ಕರೆಯುತ್ತಾರೆ. ಮಕ್ಕಳ ಸೈಕಲ್ಲಿನ ಹಿಂದಿನ ಎರಡು ಪುಟ್ಟ ಚಕ್ರಕ್ಕೆ ‘ಸ್ಟೆಬಿಲೈಸರ್ಸ್’ ಅಥವಾ ‘ಟ್ರೈನಿಂಗ್ ವೀಲ್ಸ್’. ಉಳಿದವು ಪೆಡಲ್, ಚೈನ್, ಬ್ರೇಕ್, ಗೇರ್, ಬೆಲ್. ಅವು ನಮಗೆ ಮೊದಲೇ ಗೊತ್ತು. ಅಷ್ಟರಲ್ಲಿ ಕೆಲಸ ನಡೆಯುತ್ತದೆ.

ಪದ ಗೊತ್ತಿಲ್ಲದಾಗ ಸುತ್ತು ಹಾಕಿ ಹೇಳುವುದೇ ನಿಜವಾದ ಕಲೆ, ಅದಕ್ಕೆ ಅಂಕವೂ ಇದೆ. ದೊಡ್ಡವರ ಎತ್ತರದ ಸೈಕಲ್‌ನಲ್ಲಿ ಸೀಟಿಗೆ ಎಟುಕದೆ ಫ್ರೇಮಿನ ಒಳಗಿಂದ ಕಾಲು ತೂರಿಸಿ ತುಳಿದಿದ್ದು ನೆನಪಿದೆಯಾ? ಅದಕ್ಕೆ ಇಂಗ್ಲಿಷ್ ಹೆಸರು ಹುಡುಕುತ್ತಾ ‘ಅಅಅ’ ಅಂತ ನಿಲ್ಲಬೇಡಿ. ಕಣ್ಣಿಗೆ ಕಂಡಿದ್ದನ್ನು ಹೇಳಿ: ‘ದ ಬೈಕ್ ವಾಸ್ ಟೂ ಟಾಲ್ ಫಾರ್ ಮಿ, ಸೋ ಐ ಪುಟ್ ಒನ್ ಲೆಗ್ ಥ್ರೂ ದ ಫ್ರೇಮ್ ಅಂಡ್ ಪೆಡಲ್ಡ್ ಸ್ಟ್ಯಾಂಡಿಂಗ್ ಅಪ್.’ ಹೆಸರಿಗಿಂತ ಈ ವಾಕ್ಯವೇ ಚೆನ್ನಾಗಿದೆ, ಅಲ್ವಾ?

ಕ್ಯೂ ಕಾರ್ಡ್ ಬಂದಾಗ ಆ ಒಂದು ನಿಮಿಷದಲ್ಲಿ ಏನು ಬರೆದುಕೊಳ್ಳಲಿ?

ಪೂರ್ತಿ ವಾಕ್ಯ ಬರೆಯಬೇಡಿ. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. ಬರೆದಷ್ಟನ್ನು ಓದಿದರೆ ದನಿ ಓದಿದ ಹಾಗೇ ಕೇಳುತ್ತದೆ. ಆರೇಳು ಪದ ಸಾಕು.

‘ನೀವು ಚಿಕ್ಕವರಿದ್ದಾಗ ಕಲಿತ ಒಂದು ಕೌಶಲ’ ಎಂಬ ತರದ ಕಾರ್ಡ್ ಬಂತು ಅಂದುಕೊಳ್ಳಿ. ಅದರ ಕೆಳಗೆ ಯಾವಾಗ, ಯಾರು ಕಲಿಸಿದರು, ಹೇಗೆ ಕಲಿತಿರಿ, ಆಗ ಹೇಗನಿಸಿತು ಎಂಬ ಸಾಲುಗಳಿರುತ್ತವೆ. ನಾನಾಗಿದ್ದರೆ ಕಾಗದದ ಮೇಲೆ ಇಷ್ಟೇ ಬರೆಯುತ್ತೇನೆ: ಎಂಟು ವರ್ಷ, ಮಾವ, ಎತ್ತರದ ಸೈಕಲ್, ಕೈ ಬಿಟ್ಟರು, ಗೋಡೆ, ನಗು, ಈಗ. ಕನ್ನಡದಲ್ಲೇ ಬರೆದುಕೊಳ್ಳಿ, ಪರವಾಗಿಲ್ಲ. ಆ ಕಾಗದಕ್ಕೆ ಯಾರೂ ಅಂಕ ಕೊಡುವುದಿಲ್ಲ, ಮನೆಗೆ ತರಲೂ ಬಿಡುವುದಿಲ್ಲ.

ಮಾತಾಡುವಾಗ ಒಂದೊಂದು ಪದವೂ ಒಂದು ದೃಶ್ಯ ಬಿಚ್ಚುತ್ತದೆ. ‘ಕೈ ಬಿಟ್ಟರು’ ಅನ್ನುವುದನ್ನು ತೆಗೆದುಕೊಳ್ಳಿ. ‘ಮೈ ಅಂಕಲ್ ವಾಸ್ ರನ್ನಿಂಗ್ ಅಲಾಂಗ್‌ಸೈಡ್ ಮಿ, ಹೋಲ್ಡಿಂಗ್ ದ ಸೀಟ್. ಐ ಕೆಪ್ಟ್ ಟೆಲ್ಲಿಂಗ್ ಹಿಮ್, ಡೋಂಟ್ ಲೆಟ್ ಗೋ, ಡೋಂಟ್ ಲೆಟ್ ಗೋ. ದೆನ್ ಐ ಹರ್ಡ್ ಹಿಸ್ ವಾಯ್ಸ್ ಫ್ರಮ್ ಫಾರ್ ಬಿಹೈಂಡ್, ಅಂಡ್ ಐ ರಿಯಲೈಸ್ಡ್ ಹಿ ಹ್ಯಾಡ್ ಲೆಟ್ ಗೋ ಎ ಲಾಂಗ್ ಟೈಮ್ ಎಗೋ. ದಟ್ ವಾಸ್ ದ ಮೊಮೆಂಟ್ ಐ ಹಿಟ್ ದ ವಾಲ್.’ ದೂರದಿಂದ ಮಾವನ ದನಿ ಕೇಳಿ, ಅವರು ಯಾವಾಗಲೋ ಕೈ ಬಿಟ್ಟಿದ್ದಾರೆ ಅಂತ ಗೊತ್ತಾದ ಗಳಿಗೆಯಲ್ಲೇ ಗೋಡೆಗೆ ಗುದ್ದಿದ್ದು. ಸೈಕಲ್ ಕಲಿತವರಲ್ಲಿ ಹೆಚ್ಚಿನವರಿಗೆ ಇಂಥದ್ದೊಂದು ಗಳಿಗೆ ಇರುತ್ತದೆ. ಇಲ್ಲಿ ಅರ್ಧ ನಿಮಿಷ ನಿಲ್ಲಿ, ಓಡಬೇಡಿ.

ಎರಡು ನಿಮಿಷ ತುಂಬುವುದಿಲ್ಲ, ನಡುವೆಯೇ ಖಾಲಿಯಾಗುತ್ತೇನೆ. ಏನು ಮಾಡಲಿ?

ಖಾಲಿಯಾಗುವುದಕ್ಕೆ ಕಾರಣ ಅವಸರ. ‘ಐ ಲರ್ನ್ಡ್ ಸೈಕ್ಲಿಂಗ್, ಐ ಫೆಲ್, ಐ ಗಾಟ್ ಅಪ್, ಐ ವಾಸ್ ಹ್ಯಾಪಿ’ ಅಂತ ನಾಲ್ಕು ವಾಕ್ಯಕ್ಕೆ ಇಡೀ ಬಾಲ್ಯ ಮುಗಿಸಿಬಿಡುತ್ತೇವೆ. ಒಂದೇ ಒಂದು ಬೀಳುವಿಕೆಯನ್ನು ಹಿಡಿದುಕೊಳ್ಳಿ. ಎಲ್ಲಿ ಬಿದ್ದಿರಿ, ಯಾರು ನೋಡಿದರು, ಸೈಕಲ್‌ಗೆ ಏನಾಯ್ತು, ಮನೆಯಲ್ಲಿ ಏನು ಸುಳ್ಳು ಹೇಳಿದಿರಿ.

ಅದೂ ಮುಗಿದರೆ ಮೂರು ಬಾಗಿಲುಗಳಿವೆ. ಆಗ ಮತ್ತು ಈಗಿನ ಹೋಲಿಕೆ: ‘ನೌಅಡೇಸ್ ಐ ಹಾರ್ಡ್ಲಿ ಎವರ್ ರೈಡ್.’ ಹಾಗಾಗದಿದ್ದರೆ ಏನಾಗುತ್ತಿತ್ತು: ‘ಇಫ್ ಹಿ ಹ್ಯಾಡಂಟ್ ಲೆಟ್ ಗೋ...’ ಮುಂದೆ ಏನು ಮಾಡುತ್ತೀರಿ: ‘ಒನ್ ಡೇ ಐಡ್ ಲೈಕ್ ಟು ಟೀಚ್ ಮೈ ಡಾಟರ್ ದ ಸೇಮ್ ವೇ.’ ಮೂರರಲ್ಲೂ ಕ್ರಿಯಾಪದದ ಕಾಲ ತಾನಾಗಿಯೇ ಬದಲಾಗುತ್ತದೆ. ಇದನ್ನೇ ಪರೀಕ್ಷಕರು ನೋಡುವುದು. ಎರಡು ನಿಮಿಷ ಆದ ಕೂಡಲೇ ಅವರೇ ನಿಲ್ಲಿಸುತ್ತಾರೆ. ವಾಕ್ಯದ ನಡುವೆ ತಡೆದರೂ ಬೇಸರ ಬೇಡ, ನೀವು ಸಾಕಷ್ಟು ಮಾತಾಡಿದ್ದೀರಿ ಅಂತಲೇ ಅರ್ಥ. ಕೊನೆಗೆ ಅದೇ ವಿಷಯದ ಮೇಲೆ ಒಂದೆರಡು ಚಿಕ್ಕ ಪ್ರಶ್ನೆ ಕೇಳಬಹುದು. ಅದಕ್ಕೆ ಒಂದೆರಡು ವಾಕ್ಯ ಸಾಕು.

ಒಂದೇ ಸೈಕಲ್ ಕಥೆಯನ್ನು ಬೇರೆ ಬೇರೆ ಕಾರ್ಡಿಗೆ ಬಳಸಬಹುದಾ?

ಖಂಡಿತ. ಮೇಲಿನ ಮಾವನ ಕಥೆಯನ್ನೇ ನೋಡಿ. ‘ನಿಮಗೆ ಏನನ್ನಾದರೂ ಕಲಿಸಿದ ವ್ಯಕ್ತಿ’ ಅಂದರೆ ಮಾವನಿಂದ ಶುರು. ‘ನಕ್ಕ ಸಂದರ್ಭ’ ಅಂದರೆ ಗೋಡೆಯಿಂದ ಶುರು. ‘ಚಿಕ್ಕಂದಿನ ನೆಚ್ಚಿನ ವಸ್ತು’ ಅಂದರೆ ಸೈಕಲ್‌ನ ಬಣ್ಣ, ಕಿರ್ ಅನ್ನುವ ಸದ್ದು, ತುಕ್ಕು. ‘ಹೆದರಿ ಮಾಡಿದ ಕೆಲಸ’ಕ್ಕೂ ಆಗುತ್ತದೆ. ಒಂದೇ ಎಚ್ಚರ: ಕಾರ್ಡ್ ಕೇಳಿದ್ದು ವ್ಯಕ್ತಿಯ ಬಗ್ಗೆ ಆದರೆ ಒಂದೂವರೆ ನಿಮಿಷ ಸೈಕಲ್ ಬಣ್ಣ ಹೇಳುತ್ತಾ ಕೂರಬೇಡಿ. ಕಥೆ ಅದೇ ಇರಲಿ, ಬೆಳಕು ಬೀಳುವ ಜಾಗ ಬದಲಾಗಲಿ.

ಹಳೆಯ ನೆನಪು ಹೇಳುವಾಗ ಯಾವ ಕಾಲ ಬಳಸಬೇಕು?

ಪದೇ ಪದೇ ಆಗುತ್ತಿದ್ದುದಕ್ಕೆ ‘ಯೂಸ್ಡ್ ಟು’ ಅಥವಾ ‘ವುಡ್’: ‘ವಿ ವುಡ್ ರೇಸ್ ಈಚ್ ಅದರ್ ಎವ್ರಿ ಈವ್ನಿಂಗ್.’ ಒಮ್ಮೆ ಆಗಿ ಮುಗಿದಿದ್ದಕ್ಕೆ ಸಾದಾ ಭೂತಕಾಲ: ‘ಒನ್ ಡೇ ಮೈ ಬ್ರೇಕ್ ಕೇಬಲ್ ಸ್ನ್ಯಾಪ್ಡ್.’ ನಡೆಯುತ್ತಿದ್ದಾಗ ಇನ್ನೊಂದು ಆಯಿತು ಅನ್ನಲು: ‘ಐ ವಾಸ್ ರೈಡಿಂಗ್ ಡೌನ್‌ಹಿಲ್ ವೆನ್ ಎ ಡಾಗ್ ರ‍್ಯಾನ್ ಔಟ್.’ ನಾವು ಉತ್ಸಾಹದಲ್ಲಿ ಕಥೆ ಹೇಳುವಾಗ ವರ್ತಮಾನಕ್ಕೆ ಜಾರುತ್ತೇವೆ, ‘ದೆನ್ ಐ ಆಮ್ ಫಾಲಿಂಗ್’ ಅಂತ. ಕನ್ನಡದಲ್ಲಿ ಅದು ಸೊಗಸು. ಪರೀಕ್ಷೆಯಲ್ಲಿ ಒಂದು ಸಲ ಭೂತಕಾಲ ಹಿಡಿದರೆ ಅಲ್ಲೇ ಇರಿ.

ಪಾರ್ಟ್ ತ್ರೀ ಪ್ರಶ್ನೆಗಳು ದೊಡ್ಡವು. ತಲೆ ಓಡುವುದಿಲ್ಲ.

ಮೊದಲು ಒಂದು ಮಾತು. ಅಲ್ಲಿ ನಿಮ್ಮನ್ನು ಮಂತ್ರಿಯ ಹಾಗೆ ಮಾತಾಡಿ ಅಂತ ಯಾರೂ ಕೇಳುತ್ತಿಲ್ಲ. ಅಭಿಪ್ರಾಯ ಹೇಳಿ, ಕಾರಣ ಕೊಡಿ, ಒಂದು ಉದಾಹರಣೆ, ಆಮೇಲೆ ಒಂದು ‘ಆದರೆ’. ಆ ‘ಆದರೆ’ ಇದ್ದರೆ ಉತ್ತರಕ್ಕೆ ತೂಕ ಬರುತ್ತದೆ.

‘ಸೈಕಲ್ ಓಡಿಸುವ ಮಕ್ಕಳು ಯಾಕೆ ಕಡಿಮೆಯಾಗಿದ್ದಾರೆ?’ ಎಂದು ಕೇಳಿದರು ಅಂತಿಟ್ಟುಕೊಳ್ಳಿ. ಕೂಡಲೇ ಮೊಬೈಲ್ ಫೋನನ್ನು ಬೈಯಲು ಹೊರಡಬೇಡಿ, ಎಲ್ಲರೂ ಬೈಯುತ್ತಾರೆ. ತಂದೆ ತಾಯಿಯ ಕಡೆಯಿಂದ ನೋಡಿ. ರಸ್ತೆಯಲ್ಲಿ ಗಾಡಿ ಜಾಸ್ತಿ, ಅವರಿಗೆ ಹೆದರಿಕೆ, ಅದಕ್ಕೇ ಕಾರಿನಲ್ಲಿ ಬಿಡುತ್ತಾರೆ. ಹಾಗೆ ಬಿಡುವುದರಿಂದ ಶಾಲೆಯ ಮುಂದೆ ಇನ್ನಷ್ಟು ಕಾರು, ಇನ್ನಷ್ಟು ಹೆದರಿಕೆ. ಇದನ್ನು ಇಂಗ್ಲಿಷಿನಲ್ಲಿ ‘ಎ ವಿಶಸ್ ಸರ್ಕಲ್’ ಎನ್ನುತ್ತಾರೆ. ‘ಪೇರೆಂಟ್ಸ್ ಡ್ರೈವ್ ದೆರ್ ಕಿಡ್ಸ್ ಬಿಕಾಸ್ ದ ರೋಡ್ಸ್ ಆರ್ ಡೇಂಜರಸ್, ಅಂಡ್ ದ ರೋಡ್ಸ್ ಆರ್ ಡೇಂಜರಸ್ ಪಾರ್ಟ್ಲಿ ಬಿಕಾಸ್ ಎವ್ರಿಒನ್ ಈಸ್ ಡ್ರೈವಿಂಗ್.’ ಇಷ್ಟು ಹೇಳಿದರೆ ನೀವು ಯೋಚಿಸುತ್ತಿದ್ದೀರಿ ಅಂತ ಎದುರಿನವರಿಗೆ ಗೊತ್ತಾಗುತ್ತದೆ.

ಹೆಲ್ಮೆಟ್ ಕಡ್ಡಾಯ ಮಾಡಬೇಕಾ ಅನ್ನುವ ಪ್ರಶ್ನೆಯೂ ಬರಬಹುದು. ಇದರಲ್ಲಿ ಎರಡು ಕಡೆಯೂ ಮಾತಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಎಲ್ಲ ಸೈಕಲ್ ಸವಾರರಿಗೆ ಕಡ್ಡಾಯ ಮಾಡಿತು. ನೆದರ್ಲೆಂಡ್ಸ್‌ನಲ್ಲಿ ಸಾಮಾನ್ಯ ಸೈಕಲ್ ಸವಾರರಿಗೆ ಅಂಥ ಕಾನೂನಿಲ್ಲ, ಅಲ್ಲಿ ಭರವಸೆ ಇಟ್ಟಿದ್ದು ಸೈಕಲ್‌ಗಳಿಗೇ ಬೇರೆ ದಾರಿ ಕಟ್ಟುವುದರ ಮೇಲೆ. ತಲೆ ಉಳಿಯುತ್ತದೆ ಅನ್ನುವುದು ಒಂದು ವಾದ. ಕಡ್ಡಾಯ ಮಾಡಿದರೆ ಜನ ಸೈಕಲ್ಲನ್ನೇ ಬಿಡುತ್ತಾರೆ ಅನ್ನುವುದು ಇನ್ನೊಂದು. ಎರಡನ್ನೂ ಹೇಳಿ, ಕೊನೆಗೆ ಒಂದು ಕಡೆ ನಿಲ್ಲಿ. ‘ಇಟ್ ಡಿಪೆಂಡ್ಸ್’ ಅಂತ ಹೇಳಿ ಕೈತೊಳೆದುಕೊಂಡರೆ ಉತ್ತರ ಅರ್ಧಕ್ಕೇ ನಿಂತ ಹಾಗೆ. ಯಾವುದರ ಮೇಲೆ ಡಿಪೆಂಡ್ ಆಗುತ್ತದೆ ಅನ್ನುವುದೂ ಬರಬೇಕು.

ಅಂಕಿ ಅಂಶ, ಇತಿಹಾಸ ಹೇಳಿದರೆ ಜಾಸ್ತಿ ಅಂಕ ಸಿಗುತ್ತದಾ?

ಇಲ್ಲ. ಇದು ಜನರಲ್ ನಾಲೆಜ್ ಪರೀಕ್ಷೆಯಲ್ಲ. ಆದರೆ ಕೈಯಲ್ಲಿ ಒಂದೆರಡು ಸಂಗತಿ ಇದ್ದರೆ ಉದಾಹರಣೆಗಾಗಿ ತಡಕಾಡುವುದು ತಪ್ಪುತ್ತದೆ. ನಾನು ಇಟ್ಟುಕೊಂಡಿರುವವು ಇವು.

ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಎರಡು ಚಕ್ರದ ಗಾಡಿಯನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲ್ಲೇ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಸಾಗಬೇಕಿತ್ತು. ಈಗ ಪುಟ್ಟ ಮಕ್ಕಳಿಗೆ ಕೊಡುವ ಪೆಡಲ್ ಇಲ್ಲದ ಬ್ಯಾಲೆನ್ಸ್ ಬೈಕ್ ಅದೇ ಉಪಾಯ. ‘ಸೈಕಲ್ ಕಲಿಯುವುದು ಸುಲಭವಾ?’ ಅಂತ ಕೇಳಿದರೆ ಇದು ಒದಗುತ್ತದೆ: ಕಷ್ಟ ಇರುವುದು ಪೆಡಲ್‌ನಲ್ಲಲ್ಲ, ಬ್ಯಾಲೆನ್ಸ್‌ನಲ್ಲಿ. ಎರಡು ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಚೈನ್ ಹಿಂದಿನ ಚಕ್ರಕ್ಕೆ ಅನ್ನುವ ಈಗಿನ ರೂಪ ಜನಪ್ರಿಯವಾಗಿದ್ದು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ ರೋವರ್ ಸೈಕಲ್‌ನಿಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್‌ಗೆ ಪೇಟೆಂಟ್ ಪಡೆದ. ಅಂದಿನಿಂದ ಸವಾರಿ ಮೆತ್ತಗಾಯಿತು, ಪಂಕ್ಚರ್ ಶುರುವಾಯಿತು.

ಪಾರ್ಟ್ ತ್ರೀಗೆ ನೆದರ್ಲೆಂಡ್ಸ್ ಒಳ್ಳೆ ಉದಾಹರಣೆ. ಅಲ್ಲಿ ಜನರಿಗಿಂತ ಸೈಕಲ್ ಜಾಸ್ತಿ. ಆದರೆ ಅದು ಹಾಗೇ ಹುಟ್ಟಿದ್ದಲ್ಲ. ಕಾರುಗಳಿಗೆ ಸಿಕ್ಕಿ ಮಕ್ಕಳು ಸಾಯುತ್ತಿದ್ದುದನ್ನು ವಿರೋಧಿಸಿ 1970ರ ದಶಕದಲ್ಲಿ ಜನ ಬೀದಿಗಿಳಿದರು, 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು, ಆಮೇಲೆ ಸೈಕಲ್ ದಾರಿಗಳು ಬೆಳೆದವು. ‘ಸರ್ಕಾರ ಏನು ಮಾಡಬಹುದು?’ ಅನ್ನುವುದಕ್ಕೆ ಇದು ಸಾಕು. ಬಾಡಿಗೆ ಸೈಕಲ್ ಬಗ್ಗೆ ಕೇಳಿದರೆ 2007ರಲ್ಲಿ ಪ್ಯಾರಿಸ್ ಶುರು ಮಾಡಿದ ವೆಲಿಬ್ ಇದೆ. ಜೂನ್ 3 ವಿಶ್ವ ಸೈಕಲ್ ದಿನ, ವಿಶ್ವಸಂಸ್ಥೆ ಘೋಷಿಸಿದ್ದು 2018ರಲ್ಲಿ.

ಒಂದು ಉತ್ತರಕ್ಕೆ ಒಂದೇ ಸಂಗತಿ. ನೆನಪಾಗದಿದ್ದರೆ ಇಸವಿ ಬಿಡಿ, ‘ಬ್ಯಾಕ್ ಇನ್ ದ ಸೆವೆಂಟೀಸ್’ ಅಂದರೂ ನಡೆಯುತ್ತದೆ. ‘ಎ ರೀಸೆಂಟ್ ಸ್ಟಡಿ ಸೇಸ್ 78 ಪರ್ಸೆಂಟ್’ ಅಂತ ಗಾಳಿಯಲ್ಲಿ ಲೆಕ್ಕ ಹುಟ್ಟಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ಬಾಯಿಪಾಠದ ಹಾಗೂ ಕೇಳುತ್ತದೆ.

ಉಚ್ಚಾರಣೆಯಲ್ಲಿ ಏನು ಗಮನಿಸಬೇಕು?

‘ಬೈಸಿಕಲ್’ ನೋಡಿ. ‘ಸೈಕಲ್’ನಲ್ಲಿ ‘ಸೈ’ ಇದೆ ಅಂತ ‘ಬೈಸೈಕಲ್’ ಅನ್ನಬೇಡಿ, ಅಲ್ಲಿ ‘ಸಿ’. ಒತ್ತು ಮೊದಲ ‘ಬೈ’ ಮೇಲೆ. ಆದರೆ ‘ಮೋಟರ್‌ಸೈಕಲ್’ನಲ್ಲಿ ಮತ್ತೆ ‘ಸೈ’. ಇಂಗ್ಲಿಷಿಗೆ ನ್ಯಾಯ ಇಲ್ಲ, ಒಪ್ಪಿಕೊಳ್ಳಿ.

ನಾವು ಪದದ ಕೊನೆಗೆ ‘ಉ’ ಸೇರಿಸುತ್ತೇವೆ. ಬೈಕು, ರೋಡು, ಬೆಲ್ಲು. ಕನ್ನಡದಲ್ಲಿ ಅದು ಸರಿ. ಇಂಗ್ಲಿಷಿನಲ್ಲಿ ‘ಬೈಕ್’ ಅಂದು ಬಾಯಿ ಅಲ್ಲೇ ನಿಲ್ಲಬೇಕು. ‘ಓನ್’ ಅನ್ನುವುದು ‘ವೋನ್’ ಆಗುವುದು, ‘ಎವ್ರಿ’ ‘ಯೆವ್ರಿ’ ಆಗುವುದು ನಮ್ಮ ಇನ್ನೊಂದು ಅಭ್ಯಾಸ. ‘ವೆಹಿಕಲ್’ಗೆ ‘ವೀಇಕಲ್’ ಅನ್ನಿ, ನಡುವಿನ ‘ಹ’ ಸಾಮಾನ್ಯವಾಗಿ ಕೇಳಿಸುವುದಿಲ್ಲ. ‘ವೀಲ್’ ಅನ್ನುವಾಗ ತುಟಿ ಗುಂಡಗಾಗಬೇಕು, ಹಲ್ಲಿಗೆ ತಾಗಬಾರದು. ‘ವೀಇಕಲ್’ ಅನ್ನುವಾಗ ಕೆಳತುಟಿ ಹಲ್ಲಿಗೆ ತಾಗಬೇಕು.

ಕನ್ನಡದ ಧಾಟಿ ಇದ್ದರೆ ಅಂಕ ಕಡಿಮೆಯಾಗುವುದಿಲ್ಲ. ಅರ್ಥವಾಗದಿದ್ದರೆ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ನಕಲಿ ವಿದೇಶಿ ಧಾಟಿ ಬೇಡ. ಅದು ಎರಡನೇ ನಿಮಿಷಕ್ಕೆ ಕಳಚಿ ಬೀಳುತ್ತದೆ.

ನುಡಿಗಟ್ಟು, ದೊಡ್ಡ ಪದ ಹಾಕಲೇಬೇಕಾ?

ತಾನಾಗಿ ಬಂದರೆ ಹಾಕಿ. ‘ಕಾರ್ಬನ್ ಎಮಿಷನ್ಸ್’, ‘ರಷ್ ಅವರ್’, ‘ಸೈಕಲ್ ಲೇನ್’, ‘ವಿದಿನ್ ಸೈಕ್ಲಿಂಗ್ ಡಿಸ್ಟನ್ಸ್’ ಇಂಥವು ವಿಷಯಕ್ಕೆ ಹತ್ತಿರದವು, ಒಳ್ಳೆಯವು. ‘ಐ ವಾಸ್ ಆನ್ ಕ್ಲೌಡ್ ನೈನ್’ ಅಂತ ಸುಮ್ನೆ ತುರುಕಿದರೆ ಹರಿದ ಅಂಗಿಗೆ ಜರಿ ತೇಪೆ ಹಾಕಿದ ಹಾಗೆ.

ಉತ್ತರಗಳನ್ನು ಬಾಯಿಪಾಠ ಮಾಡಿದರೆ?

ಸಿಕ್ಕಿಬೀಳುತ್ತೀರಿ. ಬಾಯಿಪಾಠದ ವೇಗವೇ ಬೇರೆ, ಕಣ್ಣು ನೋಡುವ ಜಾಗವೂ ಬೇರೆ. ಪರೀಕ್ಷಕರು ಅದನ್ನು ಗುರುತಿಸಲು ಕಲಿತಿರುತ್ತಾರೆ, ಮತ್ತು ಅಂಥ ಮಾತಿನಿಂದ ನಿಮ್ಮ ಅಂಕಕ್ಕೆ ಏಟು ಬೀಳುತ್ತದೆ. ಕಥೆ ನೆನಪಿರಲಿ, ವಾಕ್ಯ ನೆನಪಿರಬೇಕಿಲ್ಲ. ಇಲ್ಲಿ ನಾನು ಬರೆದ ವಾಕ್ಯಗಳನ್ನೂ ಹಾಗೇ ಒಪ್ಪಿಸಬೇಡಿ. ಆ ಗೋಡೆ ನನ್ನದು, ನಿಮ್ಮ ಗೋಡೆ ಹುಡುಕಿಕೊಳ್ಳಿ.

ಪ್ರಶ್ನೆ ಅರ್ಥವಾಗದಿದ್ದರೆ?

‘ಸಾರಿ, ಕುಡ್ ಯು ರಿಪೀಟ್ ದಟ್?’ ಎಂದು ಕೇಳಿ. ಪಾರ್ಟ್ ತ್ರೀಯಲ್ಲಿ ಒಂದು ಪದ ಗೊತ್ತಾಗದಿದ್ದರೆ ಅದರ ಅರ್ಥವನ್ನೂ ಕೇಳಬಹುದು. ತಪ್ಪು ಪ್ರಶ್ನೆಗೆ ಸೊಗಸಾದ ಉತ್ತರ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಮಕ್ಕಳ ಲೈಸೆನ್ಸ್ ಬಗ್ಗೆ ಭಾಷಣ ಮಾಡಿದವನ ಮಾತು ಕೇಳಿ.

ಜೊತೆಗೆ ಮಾತಾಡಲು ಯಾರೂ ಇಲ್ಲ. ಒಬ್ಬನೇ ಹೇಗೆ ಅಭ್ಯಾಸ ಮಾಡಲಿ?

ಫೋನ್‌ನಲ್ಲಿ ಟೈಮರ್ ಇಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲ ಸಲ ಕನ್ನಡದಲ್ಲೇ ಹೇಳಿ. ಕನ್ನಡದಲ್ಲೇ ಎರಡು ನಿಮಿಷ ತುಂಬದಿದ್ದರೆ ಕೊರತೆ ಇಂಗ್ಲಿಷಿನದಲ್ಲ, ಕಥೆಯದು. ಹೋಗಿ ಮನೆಯವರನ್ನು ಕೇಳಿ, ನಾನು ಸೈಕಲ್ ಕಲಿಯುವಾಗ ಏನೇನು ಮಾಡಿದ್ದೆ ಅಂತ. ನೀವು ಮರೆತಿದ್ದನ್ನು ಅವರು ಮರೆತಿರುವುದಿಲ್ಲ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಎಲ್ಲಿ ‘ಡ್ರೈವ್’ ಬಂತು, ಎಲ್ಲಿ ‘ಓನ್ಲಿ’ ಬಂತು, ಎಲ್ಲಿ ಸುಮ್ಮನೆ ನಿಂತಿರಿ ಅಂತ ಗುರುತು ಹಾಕಿಕೊಳ್ಳಿ. ಮೂರನೇ ಸಲ ಕಾಗದ ನೋಡದೆ ಹೇಳಿ. ನಿಮ್ಮ ದನಿ ನಿಮಗೇ ಕೆಟ್ಟದಾಗಿ ಕೇಳುತ್ತದೆ, ಅದು ಎಲ್ಲರಿಗೂ ಹಾಗೇ.